ಕರ್ನಾಟಕದ ದ್ವೀಪಗಳಿಗೆ ಹೋದರೆ ನೋಡುವುದೇನು, ಮಾಡುವುದೇನು? (ಯಲ್ಲದಕೆರೆಯಿಂದ ಬಂದ ಪ್ರಶ್ನೆ)

ಉಡುಪಿ ಜಿಲ್ಲೆಯ ಮಲ್ಪೆಯಿಂದ ಸುಮಾರು 6 ಕಿ.ಮೀ. ದೂರದ ಸೇಂಟ್ ಮೇರೀಸ್ ದ್ವೀಪಸಮೂಹದಲ್ಲಿ ಕಲ್ಲೇ ಮುಖ್ಯ ನೋಟ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲಕ್ಕೆ, ಉಕ್ಕಿಬಂದ ಲಾವಾ ಇಲ್ಲಿ ಹರಡಿತು. ಅದು ತಣಿಯುತ್ತ ಕುಗ್ಗಿದಾಗ ಬಿರುಕುಗಳು ಮೇಲಿನಿಂದ ಕೆಳಗಿಳಿದು, ಐದಾರು ಮುಖಗಳ ಕಂಬಗಳು ಮೂಡಿದವು. ಪೆನ್ಸಿಲ್ ಕಟ್ಟನ್ನು ನಿಲ್ಲಿಸಿಟ್ಟಂತೆ ಕಾಣುವ ಇವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಪ್ರವಾಸಿಗರು ಇಳಿಯುವುದು ತೆಂಗಿನ ಮರಗಳಿರುವ ದ್ವೀಪದಲ್ಲಿ. ಒಂದು ಬದಿಯ ದಂಡೆಯ ತುಂಬ ಚಿಪ್ಪುಗಳು. ಅಲ್ಲಿ ನಡೆದಾಡಿ, ಕಲ್ಲುಗಳನ್ನು ಹತ್ತಿರದಿಂದ ನೋಡಿ ಬರಲು ಎರಡು ತಾಸು ಸಾಕು, ವಸತಿ ಇಲ್ಲ. ಬಂಡೆಗಳ ನಡುವೆ ಈಜುವುದು ಅಪಾಯ.

ನೀರಿಗಿಳಿಯುವ ಆಸೆಯಿದ್ದವರಿಗೆ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪವೇ ಸೂಕ್ತ. ಸುತ್ತ ಹವಳವಿದೆ, ಬಣ್ಣದ ಮೀನುಗಳಿವೆ. ಈಜು ಬಾರದವರೂ ತರಬೇತುದಾರರ ಜೊತೆ ಸ್ಕೂಬಾ ಡೈವಿಂಗ್ ಮಾಡಬಹುದು. ಮಳೆಗಾಲದಲ್ಲಿ ಕಡಲು ಉಬ್ಬರಿಸುವುದರಿಂದ ಎರಡೂ ಕಡೆ ಪ್ರವಾಸಿ ದೋಣಿಗಳು ನಿಲ್ಲುತ್ತವೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಹೋಗುವುದು ಒಳ್ಳೆಯದು.