ಮೈಲುತುತ್ತದ ನೀಲಿ ಎಲ್ಲಿ ಹೋಯ್ತು?

ಅಡಿಕೆ ತೋಟದವರ ಮೈಲುತುತ್ತನೇ ಲ್ಯಾಬಲ್ಲಿ ಕಾಪರ್ ಸಲ್ಫೇಟ್. ಕನ್ನಡಕ ಹಾಕ್ಕೊಳ್ಳಿ. ಬಿಸಿ ಮಾಡಿದ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲಕ್ಕೆ ಕಪ್ಪು ಕಾಪರ್ ಆಕ್ಸೈಡ್ ಪುಡಿ ಹಾಕ್ತಾ ಹೋಗಿ, ಇನ್ನು ಕರಗಲ್ಲ ಅನ್ನೋವರೆಗೂ. ಆಮ್ಲ ಉಳಿದ್ರೆ ಲವಣ ಶುದ್ಧ ಅಲ್ಲ. ಮಿಕ್ಕ ಪುಡಿ ಸೋಸುಕಾಗದದ ಪಾಲು.

ನೀಲಿ ದ್ರಾವಣವನ್ನ ಪೂರ್ತಿ ಇಂಗಿಸಬೇಡಿ, ಅವಸರದವರು ಕೆಡಿಸೋದು ಇಲ್ಲೇ! ಅದ್ದಿ ತೆಗೆದ ಗಾಜಿನ ಕಡ್ಡಿ ಮೇಲೆ ಹರಳು ಕಟ್ಟಿದ್ರೆ ಉರಿ ಆರಿಸಿ. ತಣಿಯಲಿ. ಮೂಡಿದ ಹರಳುಗಳನ್ನ ಸೋಸುಕಾಗದದಲ್ಲಿ ಒತ್ತಿ ಒಣಗಿಸಿ.

ಒಣಗಿದೆ ಅಂತೀರಾ? 100 ಗ್ರಾಂ ಹರಳಿನೊಳಗೆ ಇನ್ನೂ ಸುಮಾರು 36 ಗ್ರಾಂ ನೀರು ಕೂತಿದೆ. ಪ್ರನಾಳದ ಬಾಯಿ ತುಸು ಕೆಳಗೆ ಬಾಗಿಸಿ, ಸಣ್ಣ ಉರಿಯಲ್ಲಿ ಕಾಯಿಸಿ. ಬಾಯಿ ಹತ್ತಿರ ನೀರಹನಿ, ತಳದಲ್ಲಿ ಬಿಳಿ ಪುಡಿ. ಕಪ್ಪಾಯ್ತಾ? ಉರಿ ಅತಿಯಾಗಿ ಲವಣವೇ ಒಡೆದಿದೆ. ಆ ಹೊಗೆ ಕುಡಿಯಬೇಡಿ. ಬಿಳಿ ಪುಡಿ ತಣಿದ ಮೇಲೆ ಒಂದೆರಡು ಹನಿ ನೀರು ಬಿಟ್ಟರೆ, ಪುಡಿ ಬಿಸಿಯಾಗ್ತಾ ಮತ್ತೆ ನೀಲಿ.