ಸರ್ಕಾರದ ಸಾಲ, ನಮ್ಮ ಮನೆ ಲೆಕ್ಕ

ಬಜೆಟ್ ಮಂಡನೆಯಾದ ದಿನ ಗಂಡಸರು ಪತ್ರಿಕೆ ಹಿಡಿದು ಕೂರುತ್ತಾರೆ. ನಾವು "ಯಾವುದರ ಬೆಲೆ ಏರಿತು?" ಎಂದಷ್ಟೇ ಕೇಳಿ ಒಲೆಯ ಕಡೆ ತಿರುಗುತ್ತೇವೆ. ಆದರೆ ಗೆಳತಿಯರೇ, ಒಂದೇ ಸಂಬಳದಲ್ಲಿ ಹಾಲಿಗೆ, ದಿನಸಿಗೆ, ಮಕ್ಕಳ ಫೀಜಿಗೆ ಅಂತ ಪಾಲು ಹಾಕುವ ನಮಗೆ ತಿಳಿಯದ ಲೆಕ್ಕವೇನಲ್ಲ ಅದು.

2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮಂಡಿಸಿದ 2025-26ನೇ ಸಾಲಿನ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಇಷ್ಟು ದೊಡ್ಡ ಅಂಕಿ ತಲೆಗೆ ಹತ್ತುವುದಿಲ್ಲ. ನೂರು ರೂಪಾಯಿ ಅಂತ ಇಟ್ಟುಕೊಳ್ಳೋಣ.

ಸ್ವಂತ ದುಡಿಮೆ

ಆ ನೂರರಲ್ಲಿ ಸುಮಾರು 51 ರೂಪಾಯಿ ರಾಜ್ಯ ತಾನೇ ಎತ್ತುವ ತೆರಿಗೆ. ನಮ್ಮೂರ ಅಂಗಡಿಯಲ್ಲಿ ಕೊಂಡ ಸೋಪಿನ ಜಿಎಸ್‌ಟಿಯಲ್ಲಿ ರಾಜ್ಯದ ಪಾಲು, ಪೆಟ್ರೋಲಿನ ಮಾರಾಟ ತೆರಿಗೆ, ಸೈಟು ಕೊಂಡಾಗಿನ ಮುದ್ರಾಂಕ ಶುಲ್ಕ, ಸ್ಕೂಟರಿನ ತೆರಿಗೆ ಎಲ್ಲ ಇದರಲ್ಲೇ ಬಂತು. ಕೇಂದ್ರದ ತೆರಿಗೆ ಪಾಲು, ಅನುದಾನ ಸೇರಿ ಸುಮಾರು 17 ರೂಪಾಯಿ. ಸಾಲ 28 ರೂಪಾಯಿ. ಉಳಿದದ್ದು ಗಣಿ ರಾಜಧನದಂಥ ಚಿಲ್ಲರೆ ಬಾಬು.

ತವರಿನವರು ಎಷ್ಟೇ ಕೊಟ್ಟರೂ ಅವರ ಮುಖ ನೋಡಬೇಕು. ಸ್ವಂತ ಗಳಿಕೆಯಾದರೆ ಯಾವುದಕ್ಕೆ ಎಷ್ಟು ಅಂತ ನಾವೇ ತೀರ್ಮಾನಿಸಬಹುದು. ರಾಜ್ಯಕ್ಕೂ ಅಷ್ಟೇ.

ಈ ಸ್ವಂತ ಗಳಿಕೆಯಲ್ಲೇ ನಮ್ಮ ಕರುಳು ಚುರುಕ್ಕೆನ್ನಿಸುವ ಬಾಬೊಂದಿದೆ: ಅಬಕಾರಿ. ಅದರ ಗುರಿ 40,000 ಕೋಟಿ, ಅಂದರೆ ನೂರರಲ್ಲಿ ಹತ್ತಿರ ಹತ್ತು ರೂಪಾಯಿ. 2007ರಲ್ಲಿ ಸಾರಾಯಿ ನಿಂತಿತು, ಮದ್ಯದಂಗಡಿ ನಿಲ್ಲಲಿಲ್ಲ. ಕುಡಿತದಿಂದ ಹಾಳಾದ ಮನೆಯ ದುಡ್ಡೂ ಶಾಲೆಯ ಬಿಸಿಯೂಟಕ್ಕೆ ಸೇರುತ್ತಿರಬಹುದು. ಅಂಗಡಿ ಮುಚ್ಚಿಸಿ ಎಂದು ಕೇಳುವುದು ನ್ಯಾಯವೇ. ಜೊತೆಗೆ ಆ ಹತ್ತು ರೂಪಾಯಿ ಬೇರೆಲ್ಲಿಂದ ತರಬೇಕು ಎಂಬುದನ್ನೂ ನಾವು ಯೋಚಿಸಬೇಕು.

ಯಾವ ಸಾಲ ಒಳ್ಳೆಯದು?

ಹೊಲಿಗೆ ಯಂತ್ರಕ್ಕೆ ಮಾಡಿದ ಸಾಲವನ್ನು ಯಂತ್ರವೇ ತೀರಿಸುತ್ತದೆ. ಅಕ್ಕಿಗೆ ಮಾಡಿದ ಸಾಲ ಉಂಡ ಮೇಲೂ ಉಳಿಯುತ್ತದೆ. ರಾಜ್ಯ ನೀರಾವರಿಗೆ, ರಸ್ತೆಗೆ, ಆಸ್ಪತ್ರೆ ಕಟ್ಟಡಕ್ಕೆ ಸಾಲ ಮಾಡಿದರೆ ಅದು ಮೊದಲನೆಯ ಬಗೆ. ಆದರೆ ಆ ಬಜೆಟ್ಟಿನಲ್ಲಿ ರಾಜಸ್ವ ಕೊರತೆಯೇ 19,262 ಕೋಟಿ. ಅಂದರೆ ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನದಂಥ ನಿತ್ಯದ ಖರ್ಚಿಗೆ ವರಮಾನ ಸಾಲದೆ, ಅಷ್ಟು ಭಾಗವನ್ನು ಸಾಲದಿಂದ ತುಂಬಿಸಬೇಕಾಯಿತು.

ಹಳೆಯ ಸಾಲದ ಅಸಲು, ಬಡ್ಡಿಗೇ ನೂರರಲ್ಲಿ ಸುಮಾರು 18 ರೂಪಾಯಿ ಹೋಗುತ್ತದೆ. ಅಂಗನವಾಡಿಗೋ ಹಳ್ಳಿ ಶಾಲೆಗೋ ಆಗಬಹುದಾಗಿದ್ದ ದುಡ್ಡು ಅದು. 2002ರ ವಿತ್ತೀಯ ಹೊಣೆಗಾರಿಕೆ ಕಾಯಿದೆಯ ಪ್ರಕಾರ ರಾಜ್ಯದ ಒಟ್ಟು ಸಾಲ, ಒಟ್ಟು ಉತ್ಪನ್ನದ ಶೇ. 25 ಮೀರಬಾರದು. 2025-26ರ ಅಂದಾಜು ಶೇ. 24.91. ಹಾಲು ಉಕ್ಕಿಲ್ಲ ನಿಜ, ಪಾತ್ರೆಯ ಅಂಚಿಗೆ ಬಂದಿದೆ.

ಮುಂದಿನ ಬಜೆಟ್ ದಿನ ಬೆಲೆಯೊಂದನ್ನೇ ಕೇಳಬೇಡಿ. ಸ್ವಂತ ತೆರಿಗೆ ಎಷ್ಟು, ಸಾಲ ಎಷ್ಟು, ರಾಜಸ್ವ ಕೊರತೆ ಎಷ್ಟು, ಈ ಮೂರು ಅಂಕಿ ಹುಡುಕಿ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಡಿ. ಓಟು ಕೇಳಲು ಬಂದವರು "ಅದು ಕೊಡುತ್ತೇವೆ, ಇದು ಕೊಡುತ್ತೇವೆ" ಎಂದಾಗ, "ಸಂತೋಷ, ದುಡಿದು ಕೊಡುತ್ತೀರೋ, ಸಾಲ ಮಾಡಿ ಕೊಡುತ್ತೀರೋ?" ಎಂದು ಕೇಳಿ. ತೀರಿಸುವವರು ನಮ್ಮ ಮಕ್ಕಳು ತಾನೇ!