ಬೆಳಕಿನಿಂದ ತಂಪು

ಬಿಸಿಲು ಬಿದ್ದ ವಸ್ತು ಕಾಯುತ್ತದೆ. ಕುಪ್ಪೇಲೂರು, ಬ್ಯಾಡಗಿಯ ಸೀಮೆಯಲ್ಲಿ ಮೆಣಸಿನಕಾಯಿಯನ್ನು ಬಯಲಲ್ಲಿ ಹರವಿ ಒಣಗಿಸುವ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ಬೆಳಕಿನಿಂದ ವಸ್ತುವನ್ನು ಹಿಮಕ್ಕಿಂತಲೂ, ನಕ್ಷತ್ರಗಳ ನಡುವಣ ಅಂತರಿಕ್ಷಕ್ಕಿಂತಲೂ ತಂಪಾಗಿಸಬಹುದೆಂದರೆ ಮೊದಲಿಗೆ ನಂಬಿಕೆ ಬಾರದು.

ಅನಿಲದ ಉಷ್ಣತೆಯೆಂಬುದು ಅದರ ಪರಮಾಣುಗಳ ಓಟದ ಅಳತೆ. ಓಟ ಹೆಚ್ಚಿದಷ್ಟೂ ಬಿಸಿ, ತಗ್ಗಿದಷ್ಟೂ ತಂಪು. ನಮ್ಮ ಕೋಣೆಯ ಉಷ್ಣತೆಯಲ್ಲಿ ರುಬಿಡಿಯಮ್ ಎಂಬ ಧಾತುವಿನ ಪರಮಾಣು ಸೆಕೆಂಡಿಗೆ ಸುಮಾರು 300 ಮೀಟರ್ ವೇಗದಲ್ಲಿ ಧಾವಿಸುತ್ತಿರುತ್ತದೆ. ಸೊನ್ನೆಗಿಂತ 273.15 ಡಿಗ್ರಿ ಸೆಲ್ಸಿಯಸ್ ಕೆಳಗೆ ನಿರಪೇಕ್ಷ ಶೂನ್ಯವಿದೆ. ತಂಪಿಗೆ ಅದೇ ಕೊನೆಯ ಎಲ್ಲೆ. ಅಲ್ಲಿಂದ ಮೇಲಕ್ಕೆ ಎಣಿಸುವ ಮಾನವೇ ಕೆಲ್ವಿನ್. ಬರಿದಾದ ಅಂತರಿಕ್ಷದ ಉಷ್ಣತೆ 2.7 ಕೆಲ್ವಿನ್.

ಪರಮಾಣುವನ್ನು ತಂಪಾಗಿಸಬೇಕಾದರೆ ಅದರ ಓಟವನ್ನು ತಡೆಯಬೇಕು. ಬೆಳಕಿನ ಕಣವಾದ ಫೋಟಾನ್ ಈ ಕೆಲಸವನ್ನು ಮಾಡಬಲ್ಲದು. ಎದುರಿನಿಂದ ಬಂದ ಫೋಟಾನನ್ನು ಹೀರಿಕೊಂಡಾಗ ಪರಮಾಣುವಿಗೆ ಹಿಂದಕ್ಕೆ ಒಂದು ಸಣ್ಣ ತಳ್ಳು ಬೀಳುತ್ತದೆ. ಹೀರಿದ ಬೆಳಕನ್ನು ಅದು ಬಿಟ್ಟುಬಿಡುವಾಗಲೂ ತಳ್ಳು ಉಂಟು. ಆದರೆ ಅದು ಒಮ್ಮೆ ಒಂದು ದಿಕ್ಕಿಗಾದರೆ ಇನ್ನೊಮ್ಮೆ ಇನ್ನೊಂದು ದಿಕ್ಕಿಗೆ. ಒಟ್ಟಿನಲ್ಲಿ ವಜಾ ಆಗಿಹೋಗುತ್ತದೆ. ಒಂದು ಫೋಟಾನಿನಿಂದ ತಗ್ಗುವ ವೇಗ ಸೆಕೆಂಡಿಗೆ ಸುಮಾರು 6 ಮಿಲಿಮೀಟರ್ ಮಾತ್ರ. ಹಾಗಾದರೆ ಓಟ ನಿಲ್ಲಲು ಎಷ್ಟು ಫೋಟಾನುಗಳು ಬೇಕು? ಸುಮಾರು 50,000. ಪರಮಾಣು ಇವನ್ನೆಲ್ಲ ಸೆಕೆಂಡಿನ ನೂರನೆಯ ಒಂದು ಭಾಗದೊಳಗೇ ಹೀರಿ ಬಿಡಬಲ್ಲದು.

ಹಿಂದಿನಿಂದ ಬಂದ ಬೆಳಕು ಪರಮಾಣುವನ್ನು ಮುಂದಕ್ಕೆ ನೂಕುವುದಿಲ್ಲವೆ? ಇಲ್ಲೊಂದು ಜಾಣ್ಮೆಯಿದೆ. ರಾಣೆಬೆನ್ನೂರು ನಿಲ್ದಾಣದಲ್ಲಿ ನಿಲ್ಲದೆ ಸಾಗುವ ರೈಲಿನ ಸೀಟಿಯನ್ನು ಗಮನಿಸಿ: ರೈಲು ಸಮೀಪಿಸುವಾಗ ಸ್ವರ ಏರಿದಂತೆಯೂ, ದೂರ ಸರಿಯುವಾಗ ಇಳಿದಂತೆಯೂ ಕೇಳುತ್ತದೆ. ಬೆಳಕಿನ ಕಂಪನಕ್ಕೂ ಈ ನಿಯಮ ಸಲ್ಲುತ್ತದೆ. ಪರಮಾಣು ತನಗೆ ಒಗ್ಗುವ ಕಂಪನಸಂಖ್ಯೆಯ ಬೆಳಕನ್ನು ಮಾತ್ರ ಹೀರುತ್ತದೆ. ಲೇಸರ್ ಬೆಳಕಿನ ಕಂಪನಸಂಖ್ಯೆಯನ್ನು ಅದಕ್ಕಿಂತ ತುಸು ಕಡಿಮೆ ಇಟ್ಟರೆ, ಎದುರು ಬರುವ ಕಿರಣವೇ ಪರಮಾಣುವಿಗೆ ಹೆಚ್ಚು ಒಗ್ಗುತ್ತದೆ. ಬೆನ್ನ ಹಿಂದಿನದು ಒಗ್ಗದೆ ಹೋಗುತ್ತದೆ. ಆರು ದಿಕ್ಕುಗಳಿಂದಲೂ ಇಂಥ ಕಿರಣಗಳನ್ನು ಹಾಯಿಸಿದರೆ ಪರಮಾಣು ಯಾವ ಕಡೆಗೆ ಓಡಿದರೂ ತಡೆಯೇ. 1975ರಲ್ಲಿ ಸೂಚಿತವಾದ ಈ ಉಪಾಯವನ್ನು 1985ರಲ್ಲಿ ಅಮೆರಿಕದ ಸ್ಟೀವನ್ ಚು ಮತ್ತು ಅವರ ಸಂಗಡಿಗರು ಸೋಡಿಯಮ್ ಪರಮಾಣುಗಳ ಮೇಲೆ ಮಾಡಿ ತೋರಿಸಿದರು.

ಆದರೆ ಫೋಟಾನುಗಳ ತಳ್ಳಾಟವೇ ಕೊನೆಗೆ ಒಂದಿಷ್ಟು ಚಲನೆಯನ್ನು ಉಳಿಸುತ್ತದೆ. ಇನ್ನೂ ಕೆಳಗಿಳಿಯಲು ಲೇಸರನ್ನು ಆರಿಸಿ, ಪರಮಾಣುಗಳನ್ನು ಕಾಂತಕ್ಷೇತ್ರದ ಬಟ್ಟಲಿನಲ್ಲಿ ಹಿಡಿದಿಡುತ್ತಾರೆ. ಮುಂದಿನ ಉಪಾಯ ನಮ್ಮ ಮನೆಗಳ ಮಣ್ಣಿನ ಹರವಿಗೆ ಮೊದಲಿನಿಂದಲೂ ತಿಳಿದದ್ದೇ! ಹರವಿಯಿಂದ ಜಿನುಗಿದ ನೀರಿನಲ್ಲಿ ಹೆಚ್ಚು ವೇಗದ ಅಣುಗಳು ಆವಿಯಾಗಿ ಹಾರಿಹೋಗುತ್ತವೆ. ಉಳಿದ ನೀರು ತಂಪಾಗುತ್ತದೆ. ಹಾಗೆಯೇ ಬಟ್ಟಲಿನ ಅಂಚನ್ನು ಮೆಲ್ಲಮೆಲ್ಲನೆ ತಗ್ಗಿಸಿದರೆ ವೇಗದ ಪರಮಾಣುಗಳು ಹೊರಚೆಲ್ಲುತ್ತವೆ, ನಿಧಾನದವು ಉಳಿಯುತ್ತವೆ.

ಇಷ್ಟೆಲ್ಲ ಶ್ರಮ ಯಾವುದಕ್ಕಾಗಿ? 1924ರಲ್ಲಿ ಢಾಕಾ ವಿಶ್ವವಿದ್ಯಾನಿಲಯದ ಮೂವತ್ತರ ಹರೆಯದ ಅಧ್ಯಾಪಕ ಸತ್ಯೇಂದ್ರನಾಥ ಬೋಸರು ಬೆಳಕಿನ ಕಣಗಳನ್ನು ಒಂದರಿಂದೊಂದು ಬೇರೆಯೆಂದು ಗುರುತಿಸಲಾಗದು ಎಂಬ ನೆಲೆಯಿಂದ ಒಂದು ಲೆಕ್ಕವನ್ನು ಹಾಕಿ ಐನ್‌ಸ್ಟೈನರಿಗೆ ಕಳುಹಿಸಿದರು. ಐನ್‌ಸ್ಟೈನರು ಅದನ್ನು ತಾವೇ ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಿಸಿದರು. ಬಳಿಕ ಪರಮಾಣುಗಳಿಗೂ ಅನ್ವಯಿಸಿದರು. ಪರಮಾಣುವಿಗೆ ಅಲೆಯ ಗುಣವೂ ಉಂಟು. ತಂಪಾದಂತೆ ಆ ಅಲೆ ಉದ್ದವಾಗುತ್ತದೆ. ಅತಿಶೀತದಲ್ಲಿ ನೆರೆಹೊರೆಯ ಅಲೆಗಳು ಒಂದರ ಮೇಲೊಂದು ಹರಡಿ, ಪರಮಾಣುಗಳೆಲ್ಲ ಒಂದೇ ಸ್ಥಿತಿಗೆ ಸೇರಬೇಕೆಂಬುದು ಅವರ ಲೆಕ್ಕದ ಫಲ. ಭಜನೆಯಲ್ಲಿ ಹಲವು ಕೊರಳುಗಳು ಒಂದೇ ಶ್ರುತಿಗೆ ಕೂಡುವುದನ್ನು ಇದಕ್ಕೆ ಹೋಲಿಸಬಹುದೇನೋ. ಆದರೆ ಅಲ್ಲಿ ಹಾಡುವವರನ್ನು ಬೇರೆಬೇರೆಯಾಗಿ ಗುರುತಿಸಬಹುದು. ಇಲ್ಲಿ ಅದಕ್ಕೂ ಎಡೆಯಿಲ್ಲ.

ಲೆಕ್ಕ ನಿಜವಾಗಲು ಎಪ್ಪತ್ತು ವರ್ಷಗಳು ಹಿಡಿದವು. ಅಷ್ಟು ತಂಪಿನಲ್ಲಿ ಸಾಮಾನ್ಯ ಅನಿಲವು ಗಟ್ಟಿಯಾಗಿಬಿಡುತ್ತದೆ. ಆದುದರಿಂದ ಗಾಳಿಗಿಂತ ಲಕ್ಷಾಂತರ ಪಟ್ಟು ವಿರಳವಾದ ಅನಿಲ ಬೇಕು. 1995ರ ಜೂನ್ 5ರಂದು ಅಮೆರಿಕದ ಬೌಲ್ಡರ್ ನಗರದಲ್ಲಿ ಎರಿಕ್ ಕಾರ್ನೆಲ್ ಮತ್ತು ಕಾರ್ಲ್ ವೀಮನ್ ಸುಮಾರು 2,000 ರುಬಿಡಿಯಮ್ ಪರಮಾಣುಗಳನ್ನು ಆ ಸ್ಥಿತಿಗೆ ತಂದರು. ಉಷ್ಣತೆ 170 ನ್ಯಾನೊಕೆಲ್ವಿನ್. ಒಂದು ನ್ಯಾನೊಕೆಲ್ವಿನ್ ಎಂದರೆ ಒಂದು ಕೆಲ್ವಿನ್ನಿನ ನೂರು ಕೋಟಿಯಲ್ಲಿ ಒಂದು ಪಾಲು. ಅದೇ ವರ್ಷ ವುಲ್ಫ್‌ಗ್ಯಾಂಗ್ ಕೆಟರ್ಲೆ ಸೋಡಿಯಮ್ಮಿನಲ್ಲಿ ಇದನ್ನು ಸಾಧಿಸಿದರು. ಮೂವರಿಗೂ 2001ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಬೋಸರಿಗೆ ಆ ಗೌರವ ಎಂದೂ ದೊರೆಯಲಿಲ್ಲ. ತಮ್ಮ ಹೆಸರನ್ನು ಹೊತ್ತ ಆ ಸ್ಥಿತಿಯನ್ನು ಅವರು ಕಾಣಲೂ ಇಲ್ಲ. 1974ರಲ್ಲೇ ಅವರು ತೀರಿಕೊಂಡಿದ್ದರು.

ಲೇಸರಿನಿಂದ ತಂಪಾದ ಸೀಸಿಯಮ್ ಪರಮಾಣುಗಳು ಇಂದು ಕಾಲವನ್ನು ಅಳೆಯುತ್ತಿವೆ. ಇವುಗಳಿಂದ ನಡೆಯುವ ಅತ್ಯುತ್ತಮ ಗಡಿಯಾರಗಳು ಕೋಟ್ಯಂತರ ವರ್ಷಗಳಲ್ಲಿ ಒಂದು ಸೆಕೆಂಡಿನಷ್ಟೂ ತಪ್ಪಲಾರವು. ಕರ್ನಾಟಕದಲ್ಲಿಯೂ ಈ ಕೆಲಸ ನಡೆದಿದೆ. ಸಿ. ವಿ. ರಾಮನ್ನರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ರುಬಿಡಿಯಮ್, ಪೊಟ್ಯಾಸಿಯಮ್, ಸೋಡಿಯಮ್ ಪರಮಾಣುಗಳನ್ನು ನಿರ್ವಾತ ಪಾತ್ರೆಗಳಲ್ಲಿ ಸೆರೆಹಿಡಿದು ಅಭ್ಯಸಿಸುತ್ತಾರೆ. ಲೇಸರ್ ಕಿರಣಗಳು ಕೂಡುವೆಡೆಯಲ್ಲಿ ಸೆರೆಯಾದ ಸೋಡಿಯಮ್ಮಿನ ಪುಟ್ಟ ಮೋಡ ಹಳದಿಯಾಗಿ ಹೊಳೆಯುತ್ತದೆ. ಉರಿಯುವ ಒಲೆಗೆ ಉಪ್ಪು ಚೆಲ್ಲಿದಾಗ ಕಾಣುವುದೂ ಅದೇ ಹಳದಿ.